ತರಬೇತುದಾರರ ಶಿಕ್ಷಣ: ಅಲ್ಪಾವಧಿ ಸರ್ಟಿಫಿಕೇಟ್ ಮತ್ತು ವಿಶ್ವವಿದ್ಯಾಲಯದ ಡಿಪ್ಲೊಮಾ

ಕಂಪನಿಗಳಲ್ಲಿ ನೌಕರರಿಗೆ ತರಬೇತಿ ಕೊಡುವ ಕೆಲಸವನ್ನು ನಾನು ಮೊದಲು ಕಲಿತದ್ದು ವೃತ್ತಿಪರ ಸಂಸ್ಥೆಯೊಂದರ ಅಲ್ಪಾವಧಿ ಸರ್ಟಿಫಿಕೇಟ್ ಕೋರ್ಸಿನಲ್ಲಿ. ಕೆಲವು ವರ್ಷಗಳ ನಂತರ, ಕೆಲಸದಲ್ಲಿದ್ದುಕೊಂಡೇ, ವಿಶ್ವವಿದ್ಯಾಲಯದ ಸ್ನಾತಕೋತ್ತರ ಡಿಪ್ಲೊಮಾ ಓದಿದೆ. ಎರಡೂ ಒಂದೇ ವೃತ್ತಿಗೆ ಸಿದ್ಧಗೊಳಿಸುತ್ತೇವೆ ಎನ್ನುತ್ತವೆಯಾದರೂ, ಅವು ಕಲಿಸುವ ಕೆಲಸಗಳು ಬೇರೆ ಬೇರೆ.

ಸರ್ಟಿಫಿಕೇಟ್ ಕೋರ್ಸು ತರಗತಿ ನಡೆಸುವುದನ್ನು ಚೆನ್ನಾಗಿ ಕಲಿಸಿತು. ನಾವು ಪಾಠ ಮಾಡಿದ್ದನ್ನು ಚಿತ್ರೀಕರಿಸಿ, ಎಲ್ಲಿ ಅವಸರಪಟ್ಟೆವು, ಯಾವ ಪ್ರಶ್ನೆಗೆ ಉತ್ತರ ಬರುವ ಮೊದಲೇ ನಾವೇ ಮಾತಾಡಿಬಿಟ್ಟೆವು ಎಂಬುದನ್ನು ಸಹಪಾಠಿಗಳು ತೋರಿಸಿಕೊಡುತ್ತಿದ್ದರು. ಇದಕ್ಕೆ ಸಮನಾದ ಅಭ್ಯಾಸ ನನಗೆ ವಿಶ್ವವಿದ್ಯಾಲಯದಲ್ಲಿ ಸಿಗಲಿಲ್ಲ.

ಆದರೆ ತರಬೇತಿ ನಿಜಕ್ಕೂ ಬೇಕೇ ಎಂದು ಮೊದಲು ಕೇಳುವುದನ್ನು ಕಲಿಸಿದ್ದು ವಿಶ್ವವಿದ್ಯಾಲಯ. ನನ್ನ ಯೋಜನಾ ವರದಿಗಾಗಿ ಎತ್ತಿಕೊಂಡ ಮಾರಾಟ ವಿಭಾಗಕ್ಕೆ ಸಮಯ ನಿರ್ವಹಣೆಯ ತರಬೇತಿ ಬೇಕೆಂದು ಅದರ ಮ್ಯಾನೇಜರ್ ಕೇಳಿದ್ದರು. ನೌಕರರ ಪಕ್ಕದಲ್ಲಿ ಕುಳಿತು ಕೆಲಸದ ಹಂತಗಳನ್ನು ಬರೆದುಕೊಂಡಾಗ, ದರಪಟ್ಟಿಗಳು ತಡವಾಗುತ್ತಿದ್ದುದು ಮೇಲಧಿಕಾರಿಗಳ ಅನುಮೋದನೆಗಾಗಿ ಕಾಯುವುದರಿಂದ ಎಂಬುದು ಸ್ಪಷ್ಟವಾಯಿತು. ಯಾವ ತರಬೇತಿಯೂ ಅದನ್ನು ಸರಿಪಡಿಸುತ್ತಿರಲಿಲ್ಲ. ಅಮೆರಿಕದ ವಿದ್ವಾಂಸ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ಮಂಡಿಸಲಾರಂಭಿಸಿದ ತರಬೇತಿ ಮೌಲ್ಯಮಾಪನದ ನಾಲ್ಕು ಹಂತಗಳು, ಅಂದರೆ ಪ್ರತಿಕ್ರಿಯೆ, ಕಲಿಕೆ, ನಡವಳಿಕೆ ಮತ್ತು ಫಲಿತಾಂಶ, ಎರಡೂ ಕಡೆ ಪಾಠದಲ್ಲಿದ್ದವು. ಸರ್ಟಿಫಿಕೇಟ್ ಕೋರ್ಸಿನಲ್ಲಿ ಅವುಗಳನ್ನು ನೆನಪಿಟ್ಟುಕೊಂಡರೆ ಸಾಕಿತ್ತು. ವಿಶ್ವವಿದ್ಯಾಲಯದಲ್ಲಿ ಹಾಗಲ್ಲ, ಒಂದು ತರಬೇತಿ ಮುಗಿದು ತಿಂಗಳುಗಳಾದ ಮೇಲೆ ಮತ್ತೆ ಹೋಗಿ, ನಡವಳಿಕೆ ಬದಲಾಗಿದೆಯೇ ಎಂದು ನೋಡಬೇಕಿತ್ತು. ಕಲಿತದ್ದು ಕೆಲಸದಲ್ಲಿ ಉಳಿಯಲು ಮೇಲಧಿಕಾರಿಯ ಬೆಂಬಲ ಮತ್ತು ಅದನ್ನು ಬಳಸುವ ಅವಕಾಶ ಎಷ್ಟು ಮುಖ್ಯ ಎಂಬುದು, 1988ರಲ್ಲಿ ಸಂಶೋಧಕರಾದ ಬಾಲ್ಡ್‌ವಿನ್ ಮತ್ತು ಫೋರ್ಡ್ ವಿವರಿಸಿದಂತೆಯೇ, ನನಗೆ ಅಲ್ಲಿ ಕಣ್ಣಾರೆ ಕಂಡಿತು.

ಬದಲಾಗುತ್ತಿರುವ ಆರ್ಥಿಕತೆಯ ದೃಷ್ಟಿಯಿಂದ ನೋಡಿದರೆ ಅಲ್ಪಾವಧಿ ಕೋರ್ಸೇ ಮುಂದಿದೆ ಎಂದು ಹಲವರು ಹೇಳುತ್ತಾರೆ. ಹೊಸ ತಂತ್ರಾಂಶ, ಹೊಸ ಕೃತಕ ಬುದ್ಧಿಮತ್ತೆಯ ಸಾಧನಗಳು ಅದರ ಪಠ್ಯಕ್ಕೆ ಬೇಗ ಸೇರುತ್ತವೆ, ವಿಶ್ವವಿದ್ಯಾಲಯದ ಪಠ್ಯಕ್ರಮವೋ ಹಲವು ಸಮಿತಿಗಳನ್ನು ದಾಟಿ ಬರಬೇಕು. ಈ ದೂರು ನ್ಯಾಯವಾದದ್ದು. ಆದರೂ ಯಂತ್ರಗಳು ಒಂದು ಹುದ್ದೆಯ ಅರ್ಧ ಕೆಲಸವನ್ನು ವಹಿಸಿಕೊಂಡಾಗ, ಉಳಿದರ್ಧಕ್ಕೆ ಯಾವ ಕೌಶಲ ಬೇಕೆಂದು ಕಂಡುಕೊಳ್ಳುವ ವಿಧಾನ ತಂತ್ರಾಂಶದಷ್ಟು ಬೇಗ ಹಳತಾಗುವುದಿಲ್ಲ. ನಾನು ಇಂದಿಗೂ ಹೆಚ್ಚು ಬಳಸುತ್ತಿರುವುದು ಅದನ್ನೇ.

ವಿಶ್ವವಿದ್ಯಾಲಯದ ಬಗ್ಗೆ ನನಗಿರುವ ಗಂಭೀರ ಆಕ್ಷೇಪ ಬೋಧನೆಯ ಕುರಿತದ್ದು. ವಯಸ್ಕರು ತಮ್ಮ ಅನುಭವದ ಆಧಾರದ ಮೇಲೆ, ತಾವೇ ದಿಕ್ಕು ನಿರ್ಧರಿಸಿಕೊಂಡು ಕಲಿಯಬಯಸುತ್ತಾರೆ ಎಂಬ, ವಯಸ್ಕರ ಶಿಕ್ಷಣದ ಚಿಂತಕ ಮಾಲ್ಕಮ್ ನೋಲ್ಸ್ ಅವರ ವಿಚಾರವನ್ನು ನಮಗೆ ದೀರ್ಘ ಉಪನ್ಯಾಸಗಳಲ್ಲಿ ಹೇಳಲಾಯಿತು, ಲಿಖಿತ ಪರೀಕ್ಷೆಯಲ್ಲಿ ಕೇಳಲಾಯಿತು. ತರಬೇತುದಾರರನ್ನು ರೂಪಿಸುವ ವಿಭಾಗವೇ ಹೀಗೆ ಕಲಿಸಬಾರದು.

ಮೊದಲ ಬಾರಿಗೆ ತರಗತಿಯ ಮುಂದೆ ನಿಲ್ಲುವವರು ಸರ್ಟಿಫಿಕೇಟ್ ಕೋರ್ಸಿಗೆ ಸೇರಲಿ. ಏನನ್ನು ಕಲಿಸಬೇಕೆಂದು ನಿರ್ಧರಿಸುವ ಹೊಣೆ ಬಂದವರಿಗೆ ನಾನು ಡಿಪ್ಲೊಮಾವನ್ನೇ ಸೂಚಿಸುತ್ತೇನೆ, ಆದರೆ ಸ್ವಂತ ಕೆಲಸದ ಸ್ಥಳದಲ್ಲಿ ಮಾಡುವ ಯೋಜನೆ ಅದರಲ್ಲಿ ಕಡ್ಡಾಯವಾಗಿದೆಯೇ ಎಂದು ಶುಲ್ಕ ಕಟ್ಟುವ ಮೊದಲೇ ವಿಚಾರಿಸಿಕೊಳ್ಳಬೇಕು.