ನಾರ್ತ್ ಈಸ್ಟನ್‌ನ ಏಮ್ಸ್ ಫ್ರೀ ಲೈಬ್ರರಿ: ಕಣ್ಣಿಗೆ ಹಬ್ಬ, ಪುಸ್ತಕಕ್ಕೆ ಇಕ್ಕಟ್ಟು

ಬಾಸ್ಟನ್ ಕಡೆ ಇರುವ ಕನ್ನಡಿಗರು ರಜೆಯಲ್ಲಿ ಒಂದು ಹಳೆಯ ಕಟ್ಟಡ ನೋಡಬೇಕೆಂದರೆ, ದಕ್ಷಿಣಕ್ಕೆ ಸುಮಾರು 40 ಕಿ.ಮೀ. ದೂರದ ಈ ಊರಿಗೆ ಹೋಗಿ. ಸಲಿಕೆ ತಯಾರಿಸಿ ಸಿರಿವಂತರಾದ ಏಮ್ಸ್ ಮನೆತನದ ಊರಿದು. 1877ರಲ್ಲಿ ತೀರಿಕೊಂಡ ಆಲಿವರ್ ಏಮ್ಸ್ ಲೈಬ್ರರಿಗೆಂದೇ ಉಯಿಲಿನಲ್ಲಿ 50,000 ಡಾಲರ್ ಬರೆದಿಟ್ಟಿದ್ದರು. ಮಕ್ಕಳು ಕೆಲಸ ಒಪ್ಪಿಸಿದ್ದು ವಾಸ್ತುಶಿಲ್ಪಿ ಎಚ್. ಎಚ್. ರಿಚರ್ಡ್‌ಸನ್ ಅವರಿಗೆ. ಕಟ್ಟಡ 1879ಕ್ಕೆ ಮುಗಿಯಿತು, ಊರವರಿಗೆ ಬಾಗಿಲು ತೆರೆದದ್ದು ಮಾತ್ರ 1883ರಲ್ಲಿ.

ಗೋಡೆಗೆ ತಿಳಿಗೆಂಪು ಮಿಲ್ಫರ್ಡ್ ಗ್ರಾನೈಟ್. ಅದನ್ನು ನುಣುಪು ಮಾಡದೆ ಒಡೆದ ಮುಖವನ್ನೇ ಹೊರಗೆ ಬಿಟ್ಟಿದ್ದಾರೆ. ಓರೆ ಬಿಸಿಲಿಗೆ ಒಂದೊಂದು ಕಲ್ಲಿನ ಉಬ್ಬೂ ಎದ್ದು ಕಾಣುತ್ತದೆ, ಹಾಗಾಗಿ ನಡುಹಗಲಿಗಿಂತ ಬೆಳಗ್ಗೆಯೋ ಸಂಜೆಯೋ ಮೇಲು. ಅಂಚುಪಟ್ಟಿಗಳಿಗೆ ಲಾಂಗ್‌ಮೆಡೋದ ಕೆಂಗಂದು ಮರಳುಗಲ್ಲು. ಕೆತ್ತನೆಗೆ ಸಲೀಸು, ಆದರೆ ಈ ಜಾತಿಯ ಕಲ್ಲು ನೀರು ಹೀರುತ್ತದೆ. ಒಳಗಿನ ನೀರು ಚಳಿಗೆ ಹೆಪ್ಪುಗಟ್ಟಿ ಉಬ್ಬಿದರೆ ಪದರ ಪದರವಾಗಿ ಏಳುತ್ತದೆ. ಇಂಥ ಕಟ್ಟಡದ ಯೋಗಕ್ಷೇಮ ನೋಡುವವರು ಮಳೆನೀರು ಇಳಿಯುವ ಜಾಗವನ್ನೇ ಮೊದಲು ಪರೀಕ್ಷಿಸಬೇಕು. ಬಾಗಿಲ ಮೇಲಿನ ಅಗಲವಾದ ತಗ್ಗು ಕಮಾನಿನ ಕೆಳಗೆ ಒಂದು ನಿಮಿಷ ನಿಲ್ಲಿ, ಗೋಡೆ ಎಷ್ಟು ದಪ್ಪವೆಂದು ಅಲ್ಲಿ ಗೊತ್ತಾಗುತ್ತದೆ.

ಒಳಗೆ ಪುಸ್ತಕದ ಹಜಾರವೇ ಮುಖ್ಯ. ಎರಡು ಅಂತಸ್ತಿನ ಕಪಾಟುಗೂಡುಗಳು, ಮೇಲಂತಸ್ತಿಗೆ ಮರದ ಕಟಾಂಜನ, ಎಲ್ಲಕ್ಕೂ ಮೇಲೆ ಅರ್ಧ ಪೀಪಾಯಿಯಂತೆ ಬಾಗಿದ ಚಾವಣಿ. ಮರಗೆಲಸವೆಲ್ಲ ಅಕ್ರೋಟದ ಜಾತಿಯ ಬಟರ್‌ನಟ್‌ನದು. ಇಷ್ಟು ಚೆಂದದ ಕೋಣೆ ರಿಚರ್ಡ್‌ಸನ್ ಅವರ ಲೈಬ್ರರಿಗಳಲ್ಲೂ ಅಪರೂಪ.

ಆದರೆ ಪುಸ್ತಕ ಇಡುವವರಿಗೆ ಈ ನಕ್ಷೆ ಹಿಡಿಸಲಿಲ್ಲ. ಷಿಕಾಗೊ ಸಾರ್ವಜನಿಕ ಗ್ರಂಥಾಲಯದ ವಿಲಿಯಂ ಪೂಲ್ 1881ರಲ್ಲೇ ಇಂಥ ಎತ್ತರದ ಹಜಾರಗಳನ್ನು ಖಂಡಿಸಿದ್ದರು: ಬಿಸಿಗಾಳಿ ಮೇಲೇರಿ ಅಲ್ಲಿನ ಪುಸ್ತಕಗಳ ರಟ್ಟು, ಚರ್ಮ ಒಣಗಿ ಹಾಳಾಗುತ್ತವೆ, ನಡುವಿನ ಜಾಗ ದಂಡ, ಪುಸ್ತಕ ಹೆಚ್ಚಿದರೆ ಬೆಳೆಯಲು ದಾರಿಯಿಲ್ಲ. ಆ ಟೀಕೆ ನ್ಯಾಯವಾದದ್ದೇ. ಕಲ್ಲಿನ ಗೋಡೆ ಒಡೆದು ಕಪಾಟು ಸೇರಿಸಲಾದೀತೇ? ಮಕ್ಕಳಿಗಾಗಿ 1931ರಲ್ಲಿ ಬೇರೆ ರೆಕ್ಕೆಯನ್ನೇ ಕಟ್ಟಬೇಕಾಯಿತು.

ಓದುವ ಕೋಣೆಯ ಅಗ್ಗಿಷ್ಟಿಕೆಯನ್ನೂ ತಪ್ಪದೆ ನೋಡಿ. ಅದಾದ ಮೇಲೆ ಪಕ್ಕದ ಬಂಡೆಯ ಮೇಲೆ ಕೂತಿರುವ ಓಕ್ಸ್ ಏಮ್ಸ್ ಮೆಮೋರಿಯಲ್ ಹಾಲ್‌ಗೆ ಹತ್ತಿ. ಅದೂ ರಿಚರ್ಡ್‌ಸನ್ ಅವರದೇ. ಮೆಟ್ಟಿಲು, ಸುತ್ತಲ ನೆಲದ ವಿನ್ಯಾಸ ಉದ್ಯಾನ ವಿನ್ಯಾಸಕ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಅವರದು. ಲೈಬ್ರರಿ ಇಂದಿಗೂ ನಿತ್ಯದ ಬಳಕೆಯಲ್ಲಿದೆ, ಫೋಟೊ ತೆಗೆಯುವ ಮುನ್ನ ಕೌಂಟರಿನಲ್ಲಿ ಒಂದು ಮಾತು ಕೇಳಿ.