ಸಣ್ಣ ಆರ್, ದೊಡ್ಡ ಆರ್: ಎಚ್‌ಪಿ ಇಂಟೆಗ್ರಿಟಿ ಆರ್‌ಎಕ್ಸ್8640 ಜೊತೆ ಒಂಬತ್ತು ವರ್ಷ

ಈ ಸರ್ವರನ್ನು ನಾನು ಒಂಬತ್ತು ವರ್ಷ ನೋಡಿಕೊಂಡಿದ್ದೇನೆ. ಅದರ ವೇಗದ ಬಗ್ಗೆ ಬರೆಯಲು ಕೂತಿಲ್ಲ. ಒಂದೇ ಒಂದು ಕೆಲಸದ ಬಗ್ಗೆ ಬರೆಯುತ್ತೇನೆ: ಓಡುತ್ತಿರುವ ಪಾರ್ಟಿಷನ್ (ಸರ್ವರ್ ಒಳಗೆ ಪ್ರತ್ಯೇಕ ಯಂತ್ರದಂತೆ ಓಡುವ ಭಾಗ) ನಿಲ್ಲಿಸಿ, ಸೆಲ್‌ಗಳ (ಪ್ರೊಸೆಸರ್, ಮೆಮೊರಿ ಇರುವ ಬೋರ್ಡ್‌ಗಳ) ಹಂಚಿಕೆ ಬದಲಿಸಿ, ಮತ್ತೆ ಎಬ್ಬಿಸುವುದು. ವರ್ಷಕ್ಕೆ ಎರಡೋ ಮೂರೋ ಸಲ ಬರುವ ಕೆಲಸ. ಆದರೆ ನಿದ್ದೆ ಕೆಡಿಸುವುದು ಅದೇ ಅಲ್ವಾ?

ಯಂತ್ರದ ಪರಿಚಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಳಗೆ 4 ಸೆಲ್ ಬೋರ್ಡ್. ಒಂದೊಂದು ಸೆಲ್‌ನಲ್ಲೂ 4 ಪ್ರೊಸೆಸರ್ ಸಾಕೆಟ್, ಅದರದೇ ಮೆಮೊರಿ. ಎರಡು ಕೋರ್‌ನ ಇಂಟೆಲ್ ಇಟಾನಿಯಂ ಪ್ರೊಸೆಸರ್ ಹಾಕಿದರೆ ಒಟ್ಟು 32 ಕೋರ್. ಹೊರಗಿನ ಎಕ್ಸ್‌ಪಾನ್ಶನ್ ಯೂನಿಟ್ ಇಲ್ಲದಿದ್ದರೆ 2 ಪಾರ್ಟಿಷನ್ ಮಾಡಬಹುದು, ಇದ್ದರೆ 4. ಎಚ್‌ಪಿಯವರು ಇದನ್ನು ಎನ್‌ಪಾರ್ ಅನ್ನುತ್ತಾರೆ. ಇದು ಸಾಫ್ಟ್‌ವೇರ್ ಹಾಕಿದ ಗೆರೆಯಲ್ಲ, ಹಾರ್ಡ್‌ವೇರ್ ಮಟ್ಟದಲ್ಲೇ ಎಬ್ಬಿಸಿದ ಗೋಡೆ. ನಮ್ಮಲ್ಲಿ ಸೊನ್ನೆ ನಂಬರ್ ಪಾರ್ಟಿಷನ್‌ನಲ್ಲಿ ಡೇಟಾಬೇಸ್ ಇತ್ತು, ಸೆಲ್ 0 ಮತ್ತು 2 ಅದರದು. ಒಂದನೇ ನಂಬರ್‌ನಲ್ಲಿ ರಿಪೋರ್ಟ್ ಮತ್ತು ಟೆಸ್ಟಿಂಗ್, ಸೆಲ್ 1 ಮತ್ತು 3 ಅದರದು. ಎರಡರಲ್ಲೂ ಎಚ್‌ಪಿಯ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ ಆದ ಎಚ್‌ಪಿ-ಯುಎಕ್ಸ್ 11ಐ ವಿ3.

ಡೇಟಾಬೇಸ್‌ಗೆ ಮೆಮೊರಿ ಸಾಲುತ್ತಿರಲಿಲ್ಲ. ಸೆಲ್ 3 ತೆಗೆದು ಸೊನ್ನೆ ಪಾರ್ಟಿಷನ್‌ಗೆ ಕೊಡಬೇಕಿತ್ತು. ನಾನು ಈ ಯಂತ್ರಕ್ಕೆ ಬಂದ ಮೊದಲ ವರ್ಷ ಅದು. ಒಂದನೇ ಪಾರ್ಟಿಷನ್‌ನಲ್ಲಿ ಕೂತು ‘ಪಾರ್‌ಮಾಡಿಫೈ’ ಕಮಾಂಡ್ ಕೊಟ್ಟು ಸೆಲ್ 3 ತೆಗೆಯಲು ಹೇಳಿದೆ. ತೆರೆಯ ಮೇಲೆ ಒಂದು ಸೂಚನೆ ಬಂತು. ಆತುರದಲ್ಲಿ ಓದಲಿಲ್ಲ. ಕೈ ಅಭ್ಯಾಸದ ಮೇಲೆ ‘ಶಟ್‌ಡೌನ್ ಮೈನಸ್ ಆರ್’ ಅಂತ ಹೊಡೆದೆ. ಸಣ್ಣ ಆರ್. ಮೆಮೊರಿ ಪರೀಕ್ಷೆ ಎಲ್ಲ ಮುಗಿದು ಸಿಸ್ಟಮ್ ಏಳಲು ಸುಮಾರು ಅರ್ಧ ಗಂಟೆ ಆಯಿತು. ‘ಪಾರ್‌ಸ್ಟೇಟಸ್’ ಹಾಕಿ ನೋಡಿದರೆ ಸೆಲ್ 3 ಕೂತಲ್ಲೇ ಕೂತಿದೆ. ನಮಗಿದ್ದ ಡೌನ್‌ಟೈಮ್ ಎರಡು ಗಂಟೆ. ಎರಡೂ ಪಾರ್ಟಿಷನ್ ನಿಲ್ಲಿಸಿ ಎಬ್ಬಿಸುವಷ್ಟು ಸಮಯ ಉಳಿದಿರಲಿಲ್ಲ. ಕೆಲಸ ಒಂದು ವಾರ ಮುಂದೆ ಹೋಯಿತು. ಡೇಟಾಬೇಸ್ ತಂಡದವರು ಮತ್ತೊಂದು ಶನಿವಾರ ರಾತ್ರಿ ಎದ್ದಿರಬೇಕಾಯಿತು. ತಪ್ಪು ಪೂರ್ತಿ ನನ್ನದೇ.

ಬೇಕಾಗಿದ್ದದ್ದು ದೊಡ್ಡ ಆರ್. ಇದನ್ನು ‘ರೀಬೂಟ್ ಫಾರ್ ರೀಕಾನ್ಫಿಗ್’ ಅನ್ನುತ್ತಾರೆ. ಸಣ್ಣ ಆರ್ ಕೊಟ್ಟರೆ ಆಪರೇಟಿಂಗ್ ಸಿಸ್ಟಮ್ ನಿಂತು ಮತ್ತೆ ಏಳುತ್ತದೆ, ಆದರೆ ಸೆಲ್‌ಗಳು ಒಂದರ ಕೈ ಒಂದು ಹಿಡಿದೇ ಇರುತ್ತವೆ. ದೊಡ್ಡ ಆರ್ ಕೊಟ್ಟರೆ ಆ ಪಾರ್ಟಿಷನ್‌ನ ಎಲ್ಲ ಸೆಲ್‌ಗಳೂ ಕೈ ಬಿಟ್ಟು, ರೀಸೆಟ್ ಆಗಿ, ಒಂದು ಜಾಗದಲ್ಲಿ ಬಂದು ನಿಲ್ಲುತ್ತವೆ. ಆ ಸ್ಥಿತಿಯ ಹೆಸರು ‘ಬೂಟ್ ಈಸ್ ಬ್ಲಾಕ್ಡ್’. ನಾವೆಲ್ಲ ಬಿಬ್ ಅನ್ನುತ್ತಿದ್ದೆವು. ಕೊನೆಯ ಸೆಲ್ ಕೂಡ ಬಿಬ್‌ಗೆ ಬಂದ ಮೇಲೇ ಹೊಸ ಹಂಚಿಕೆ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ನೀವು ಕೊಟ್ಟ ಬದಲಾವಣೆ ಪೆಂಡಿಂಗ್.

ಈ ಯಂತ್ರದಲ್ಲಿ ನನಗೆ ಅತಿ ಹೆಚ್ಚು ಇಷ್ಟವಾದದ್ದು ಇದೇ. ಮೊದಮೊದಲು ಸುಮ್ನೆ ತಡ ಮಾಡುತ್ತದೆ ಅನ್ನಿಸಿತ್ತು. ಆಮೇಲೆ ಅರ್ಥವಾಯಿತು. ಓಡುತ್ತಿರುವ ಸಿಸ್ಟಮ್‌ನ ಕಾಲ ಕೆಳಗಿಂದ ಮೆಮೊರಿ ಎಳೆಯಲು ‘ಪಾರ್‌ಮಾಡಿಫೈ’ ಬಿಡುವುದೇ ಇಲ್ಲ. ಹಗಲಿನಲ್ಲೇ ನಿಧಾನವಾಗಿ ಕೂತು ಕಮಾಂಡ್ ಕೊಟ್ಟು, ಇನ್ನೊಬ್ಬರಿಗೆ ತೋರಿಸಿ, ಬೇಡ ಅನ್ನಿಸಿದರೆ ‘ಪಾರ್‌ಅನ್‌ಲಾಕ್’ನಿಂದ ಪೆಂಡಿಂಗ್ ಬದಲಾವಣೆ ರದ್ದು ಮಾಡಬಹುದು. ಜನ ಆಗ ಕೆಲಸ ಮಾಡುತ್ತಲೇ ಇರುತ್ತಾರೆ, ಅವರಿಗೆ ಏನೂ ಗೊತ್ತಾಗುವುದಿಲ್ಲ. ರಾತ್ರಿ ಉಳಿಯುವುದು ನಿಲ್ಲಿಸುವ ಕೆಲಸ ಮಾತ್ರ.

ದೊಡ್ಡ ಆರ್ ಜೊತೆ ದೊಡ್ಡ ಎಚ್ ಕೂಡ ಸೇರಿಸಿದರೆ ಪಾರ್ಟಿಷನ್ ಬಿಬ್‌ಗೆ ಬಂದು ಅಲ್ಲೇ ಉಳಿಯುತ್ತದೆ, ತಾನಾಗಿ ಏಳುವುದಿಲ್ಲ. ಸೆಲ್ ಬೋರ್ಡ್ ಹೊರಗೆ ತೆಗೆಯಬೇಕಾದಾಗ ಇದೇ ಸರಿ. ಮತ್ತೆ ಎಬ್ಬಿಸಲು ಮ್ಯಾನೇಜ್‌ಮೆಂಟ್ ಪ್ರೊಸೆಸರ್‌ಗೆ (ಪಾರ್ಟಿಷನ್ ನಿಂತಿದ್ದರೂ ಓಡುತ್ತಲೇ ಇದ್ದು ಯಂತ್ರವನ್ನು ನಿಯಂತ್ರಿಸುವ ಪ್ರತ್ಯೇಕ ಪ್ರೊಸೆಸರ್), ಅಂದರೆ ಎಂಪಿಗೆ ಲಾಗಿನ್ ಆಗಿ ಬಿಓ ಕಮಾಂಡ್ ಕೊಡಬೇಕು. ಹಾಗಾಗಿ ಎಂಪಿ ಲಾಗಿನ್ ಪರೀಕ್ಷಿಸದೆ ದೊಡ್ಡ ಎಚ್ ಮುಟ್ಟಬೇಡಿ. ದೂರದಲ್ಲಿ ಕೂತು ಕೊಟ್ಟರೆ, ಎಂಪಿಯ ನೆಟ್‌ವರ್ಕ್ ಕೇಬಲ್ ಬಿಚ್ಚಿದ್ದರೆ, ನೀವೇ ಸರ್ವರ್ ರೂಮಿಗೆ ಓಡಬೇಕಾಗುತ್ತದೆ. ಹಳೆಯ ಎಚ್‌ಪಿ 9000 ಯಂತ್ರಗಳಿಂದ ಬಂದವರಿಗೆ ಇನ್ನೊಂದು ಮಾತು. ಅಲ್ಲಿ ಸಣ್ಣ ಎಚ್ ಅಂದರೆ ಸಿಸ್ಟಮ್ ಹಾಲ್ಟ್ ಆಗುತ್ತದೆ, ಸೆಲ್‌ಗಳು ಬಿಬ್‌ಗೆ ಬರುವುದಿಲ್ಲ. ಇಂಟೆಗ್ರಿಟಿಯಲ್ಲಿ ಸಣ್ಣ ಎಚ್ ಕೊಟ್ಟರೂ ಪಾರ್ಟಿಷನ್ ಬಿಬ್‌ಗೇ ಹೋಗುತ್ತದೆ.

ಆ ಶನಿವಾರದ ನಂತರ ನನ್ನ ಕೆಲಸದ ಕ್ರಮ ಬದಲಾಯಿತು. ಮೊದಲು ‘ಪಾರ್‌ಸ್ಟೇಟಸ್ ಮೈನಸ್ ಡಬ್ಲ್ಯೂ’. ನಾನು ಯಾವ ಪಾರ್ಟಿಷನ್‌ನಲ್ಲಿ ಕೂತಿದ್ದೇನೆ ಅಂತ ಒಂದು ಸಾಲಿನಲ್ಲಿ ಹೇಳುತ್ತದೆ. ಅದನ್ನು ಗಟ್ಟಿಯಾಗಿ ಓದುತ್ತಿದ್ದೆ, ಪಕ್ಕದಲ್ಲಿ ಕೂತವರು ಚೇಂಜ್ ಫಾರಂ ನೋಡಿ ಹೌದು ಅನ್ನಬೇಕು. ಕ್ಲಸ್ಟರ್ (ಒಂದು ನಿಂತರೆ ಇನ್ನೊಂದು ಕೆಲಸ ವಹಿಸಿಕೊಳ್ಳುವ ಸರ್ವರ್‌ಗಳ ಗುಂಪು) ಇದ್ದರೆ ಪ್ಯಾಕೇಜ್‌ಗಳನ್ನು, ಅಂದರೆ ಅಲ್ಲಿ ಓಡುವ ಅಪ್ಲಿಕೇಶನ್‌ಗಳನ್ನು, ಮೊದಲೇ ಇನ್ನೊಂದು ನೋಡ್‌ಗೆ (ಗುಂಪಿನ ಇನ್ನೊಂದು ಸರ್ವರ್‌ಗೆ) ಸಾಗಿಸಿ, ಈ ನೋಡ್ ನಿಲ್ಲಿಸಿಕೊಳ್ಳುತ್ತಿದ್ದೆ. ಡೇಟಾಬೇಸನ್ನು ಅವರ ತಂಡದವರೇ ಕೈಯಾರೆ ನಿಲ್ಲಿಸಿ ‘ನಿಂತಿದೆ’ ಅಂತ ಹೇಳುವವರೆಗೆ ನಾನು ಕೀಬೋರ್ಡ್ ಮುಟ್ಟುತ್ತಿರಲಿಲ್ಲ. ಆಮೇಲೆ ರೂಟ್ ಡೈರೆಕ್ಟರಿಗೆ ಬಂದು, ಶಟ್‌ಡೌನ್. ‘ರೀಬೂಟ್’ ಕಮಾಂಡ್ ಅಲ್ಲ. ‘ರೀಬೂಟ್’ ನೇರವಾಗಿ ಪ್ರೋಸೆಸ್‌ಗಳನ್ನು ಕೊಂದು ಹಾಕುತ್ತದೆ, ಅಪ್ಲಿಕೇಶನ್ ನಿಲ್ಲಿಸುವ ಸ್ಕ್ರಿಪ್ಟ್‌ಗಳನ್ನು ಓಡಿಸುವುದಿಲ್ಲ. ಶಟ್‌ಡೌನ್ ಓಡಿಸುತ್ತದೆ. ಈ ಒಂದು ವ್ಯತ್ಯಾಸ ಹೊಸಬರಿಗೆ ಮೊದಲ ದಿನವೇ ಹೇಳಿಕೊಡಬೇಕು.

ಶಟ್‌ಡೌನ್ ಕೊಟ್ಟ ಮೇಲೆ ಎಂಪಿಯಲ್ಲಿ ವರ್ಚುವಲ್ ಫ್ರಂಟ್ ಪ್ಯಾನಲ್ ತೆರೆದುಕೊಂಡು ಕೂರುತ್ತಿದ್ದೆ. ಒಂದೊಂದು ಸೆಲ್ ಯಾವ ಹಂತದಲ್ಲಿದೆ ಅಂತ ಅಲ್ಲಿ ಕಾಣುತ್ತದೆ. ಕನ್ಸೋಲ್‌ನಲ್ಲಿ ಏನೂ ಬರದೆ ಹತ್ತು ನಿಮಿಷ ಕಳೆದಾಗ, ಪಕ್ಕದವರು ‘ಸತ್ತುಹೋಯಿತಾ?’ ಅಂತ ಕೇಳಿದಾಗ, ಅವರಿಗೆ ಆ ತೆರೆ ತೋರಿಸಬಹುದು. ಎಷ್ಟು ಸಮಾಧಾನ ಅಂತ ಆ ಹೊತ್ತಿನಲ್ಲಿ ಕೂತವರಿಗೇ ಗೊತ್ತು. ಸೆಲ್‌ನ ಪವರ್ ತೆಗೆಯುವ ಪಿಇ ಕಮಾಂಡ್ ಬಿಬ್ ಕಣ್ಣಾರೆ ಕಂಡ ಮೇಲೆ ಮಾತ್ರ.

ಎಚ್ಚರಿಕೆ ಬೇಕಾದ ಜಾಗಗಳೂ ಇವೆ. ಎಂಪಿಯಲ್ಲಿ ಆರ್‌ಎಸ್, ಆರ್‌ಆರ್ ಅಂತ ಎರಡು ಕಮಾಂಡ್ ಇವೆ. ಮೊದಲನೆಯದು ರೀಸೆಟ್, ಎರಡನೆಯದು ಬಿಬ್‌ಗೆ ತರುವ ರೀಸೆಟ್. ಎರಡೂ ಆಪರೇಟಿಂಗ್ ಸಿಸ್ಟಮ್‌ಗೆ ಒಂದು ಮಾತೂ ಹೇಳುವುದಿಲ್ಲ. ಡೇಟಾಬೇಸ್ ಓಡುತ್ತಿದ್ದರೂ ಕತ್ತರಿಸಿಬಿಡುತ್ತವೆ. ಪಾರ್ಟಿಷನ್ ನಂಬರ್ ಕೇಳಿ, ಖಚಿತಪಡಿಸಿಕೊಂಡೇ ಮಾಡುತ್ತವೆ ನಿಜ. ಆದರೆ ರಾತ್ರಿ ಎರಡು ಗಂಟೆಗೆ 0 ಮತ್ತು 1ರ ನಡುವೆ ಬೆರಳು ತಪ್ಪುವುದು ಕಷ್ಟವೇನಲ್ಲ. ಕಮಾಂಡ್‌ಗಳ ಹೆಸರು ಇಷ್ಟು ಹತ್ತಿರ ಹತ್ತಿರ ಇರಬಾರದಿತ್ತು. ಇನ್ನೊಂದು ಮಿತಿ: ಸೆಲ್ ಹಂಚಿಕೆಯ ಪೆಂಡಿಂಗ್ ಬದಲಾವಣೆ ಇಡೀ ಯಂತ್ರಕ್ಕೆ ಒಂದು ಸಲಕ್ಕೆ ಒಂದೇ. ಒಬ್ಬರು ಹಾಕಿಟ್ಟು ಮರೆತು ಮನೆಗೆ ಹೋದರೆ, ಇನ್ನೊಬ್ಬರ ಹಂಚಿಕೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಎನ್‌ಪಾರ್ ಒಳಗೆ ವಿಪಾರ್‌ಗಳನ್ನೂ (ಸಾಫ್ಟ್‌ವೇರ್‌ನಿಂದ ಮಾಡುವ ಒಳ ಪಾರ್ಟಿಷನ್‌ಗಳು) ಮಾಡಿಕೊಂಡಿದ್ದರೆ ಇನ್ನೂ ಬಿಗಿ. ಒಂದು ವಿಪಾರ್‌ನಲ್ಲಿ ದೊಡ್ಡ ಆರ್ ಕೊಟ್ಟರೆ, ಪಕ್ಕದ ವಿಪಾರ್‌ಗಳೆಲ್ಲ ನಿಲ್ಲುವವರೆಗೆ ಅದು ಮತ್ತೆ ಏಳುವುದಿಲ್ಲ.

ಐಬಿಎಂನ ಪವರ್ ಸರ್ವರ್‌ಗಳ ಮೇಲೂ ಸ್ವಲ್ಪ ಕಾಲ ಕೆಲಸ ಮಾಡಿದ್ದೇನೆ. ಅಲ್ಲಿ ಪ್ರೊಸೆಸರ್, ಮೆಮೊರಿಯನ್ನು ಎಲ್‌ಪಾರ್ (ಅಲ್ಲಿನ ಪಾರ್ಟಿಷನ್) ಓಡುತ್ತಿರುವಾಗಲೇ ಸೇರಿಸಬಹುದು, ತೆಗೆಯಬಹುದು. ಆ ವಿಷಯದಲ್ಲಿ ಅದೇ ಮುಂದೆ. ಆದರೆ ಸಣ್ಣ ಆರ್‌ನ ಪಾಠ ಅಲ್ಲೂ ಬೇರೆ ರೂಪದಲ್ಲಿ ಕಾದಿರುತ್ತದೆ. ಪ್ರೊಫೈಲ್ (ಪಾರ್ಟಿಷನ್‌ಗೆ ಏನೇನು ಸಿಗಬೇಕೆಂಬ ಪಟ್ಟಿ) ಬದಲಿಸಿ ಒಳಗಿನಿಂದ ರೀಬೂಟ್ ಮಾಡಿದರೆ ಹೊಸ ಪ್ರೊಫೈಲ್ ಓದುವುದಿಲ್ಲ. ಪೂರ್ತಿ ನಿಲ್ಲಿಸಿ, ಎಚ್‌ಎಂಸಿಯಿಂದ (ಆ ಸರ್ವರ್‌ಗಳನ್ನು ನಿಯಂತ್ರಿಸುವ ಕನ್ಸೋಲ್) ಆ ಪ್ರೊಫೈಲ್ ಆರಿಸಿ ಆಕ್ಟಿವೇಟ್ ಮಾಡಬೇಕು. ಓಡುವಾಗ ಮಾಡಿದ ಬದಲಾವಣೆಯನ್ನು ಪ್ರೊಫೈಲ್‌ಗೆ ಸೇವ್ ಮಾಡದಿದ್ದರೆ, ಮುಂದಿನ ಸಲ ಆ ಪ್ರೊಫೈಲ್‌ನಿಂದ ಎಬ್ಬಿಸಿದಾಗ ಹಳೆಯದೇ ಬರುತ್ತದೆ.

ಈಗ ಇದನ್ನು ಯಾರೂ ಹೊಸದಾಗಿ ಕೊಳ್ಳುವುದಿಲ್ಲ. ಇಂಟೆಲ್ 2021ರ ಜುಲೈಗೆ ಇಟಾನಿಯಂ ಕಳಿಸುವುದನ್ನು ನಿಲ್ಲಿಸಿತು. ಎಚ್‌ಪಿ-ಯುಎಕ್ಸ್ 11ಐ ವಿ3ಗೆ ಸಪೋರ್ಟ್‌ನ ಕೊನೆ ದಿನ 2025ರ ಡಿಸೆಂಬರ್ 31 ಎಂದು ಗೊತ್ತುಮಾಡಿದ್ದರು. ಆದರೂ ಎಲ್ಲೋ ಒಂದು ರ‍್ಯಾಕ್‌ನಲ್ಲಿ ಓಡುತ್ತಿರುವ ಯಂತ್ರ ನಿಮ್ಮ ಕೈಗೆ ಬರಬಹುದು. ಹಾಗೆ ಬಂದರೆ, ಬಿಟ್ಟು ಹೋಗುವವರನ್ನು ಹಿಡಿದು ಕೂರಿಸಿಕೊಂಡು ಎರಡು ಕೆಲಸ ಮಾಡಿಸಿಕೊಳ್ಳಿ. ಎಂಪಿಗೆ ನಿಮ್ಮ ಕಣ್ಣೆದುರೇ ಲಾಗಿನ್ ಆಗಿ ತೋರಿಸಲಿ. ‘ಪಾರ್‌ಸ್ಟೇಟಸ್’ ಕೊಡುವ ಸೆಲ್ ಮತ್ತು ಪಾರ್ಟಿಷನ್ ಪಟ್ಟಿಯನ್ನು ಕಾಗದದ ಮೇಲೆ ಪ್ರಿಂಟ್ ತೆಗೆದು, ತಾರೀಖು ಹಾಕಿ, ರ‍್ಯಾಕ್ ಬಾಗಿಲ ಒಳಗೆ ಅಂಟಿಸಲಿ. ಯಂತ್ರ ಬಿಬ್‌ನಲ್ಲಿ ನಿಂತಿರುವಾಗ ಅದರ ಒಳಗಿರುವ ಫೈಲ್ ತೆರೆದು ನೋಡಲು ಆಗುವುದಿಲ್ಲ.