ದೊಡ್ಡ ಪ್ಯಾಡಲ್, ಬೆರಳ ಪ್ಯಾಡಲ್, ಮುಷ್ಟಿ: ಫ್ರೀಸ್ಟೈಲ್ ಕೈ ತಿದ್ದಲು ನನಗೆ ಆಗಿ ಬಂದದ್ದು

ಮೊದಲೇ ಹೇಳಿಬಿಡುತ್ತೇನೆ. ಫ್ರೀಸ್ಟೈಲ್ ಈಜಿನಲ್ಲಿ ನನ್ನ ಕೈ ತಿದ್ದಿದ್ದು ಬರೀ ಮುಷ್ಟಿ. ಅದಕ್ಕೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. 850 ರೂಪಾಯಿ ಕೊಟ್ಟು ತರಿಸಿದ ದೊಡ್ಡ ಪ್ಯಾಡಲ್ ಜೋಡಿ ಈಗ ಅಟ್ಟದ ಮೇಲಿದೆ.

ನಾನು ಈಜು ಕಲಿತದ್ದು ತೀರ್ಥಹಳ್ಳಿ ಕಡೆ, ತುಂಗಾ ಹೊಳೆಯಲ್ಲಿ. ಸೊಂಟಕ್ಕೆ ಬಾಳೆದಿಂಡು ಕಟ್ಟಿ ಸೋದರಮಾವ ನೀರಿಗೆ ಬಿಡುತ್ತಿದ್ದರು. ಹೊಳೆ ಈಜಿನಲ್ಲಿ ತಲೆ ಮೇಲೇ ಇರಬೇಕು. ಎದುರಿನ ಬಂಡೆ ಕಾಣಬೇಕಲ್ವಾ? ಹಾಗೆ ಈಜಿ ಅಭ್ಯಾಸವಾದ ನನ್ನ ಕೈ ಮೂಗಿನ ನೇರಕ್ಕೆ ಬಂದು ಬೀಳುತ್ತಿತ್ತು. ಬಿದ್ದದ್ದೇ ನೀರನ್ನು ಕೆಳಕ್ಕೆ ಒತ್ತುತ್ತಿತ್ತು. ಹೊಳೆ ದಾಟಲು ಅಷ್ಟು ಸಾಕು. ಶಿವಮೊಗ್ಗದಲ್ಲಿ ಈಜುಕೊಳಕ್ಕೆ ಹೋಗಲು ಶುರು ಮಾಡಿದಾಗ ಮಾತ್ರ ಅದರ ಬೆಲೆ ಗೊತ್ತಾಯಿತು. 25 ಮೀಟರಿಗೆ ನನಗೆ 28 ಕೈ ಬೇಕಿತ್ತು, ಅಂದರೆ 28 ಸಲ ಕೈ ಬೀಸಬೇಕಿತ್ತು. ಪಕ್ಕದ ಲೇನಿನ ಹುಡುಗಿ 18 ಕೈಗೆ ಗೋಡೆ ಮುಟ್ಟುತ್ತಿದ್ದಳು, ಅದೂ ನನಗಿಂತ ಮೊದಲು.

ನೀರನ್ನು ಕೆಳಕ್ಕೆ ಒತ್ತಿದರೆ ಎದೆ ಮೇಲೇಳುತ್ತದೆ, ಸೊಂಟ ಮುಳುಗುತ್ತದೆ, ಮುಂದಕ್ಕೆ ಹೋಗುವುದು ಕಡಿಮೆ. ಕೈ ಹೆಗಲಿನ ನೇರಕ್ಕೆ ನೀರು ಸೇರಬೇಕು. ಆಮೇಲೆ ಮೊಣಕೈ ಮೇಲೇ ಉಳಿದು, ಬೆರಳ ತುದಿ ತಳದ ಕಡೆ ತಿರುಗಬೇಕು. ಆಗ ಅಂಗೈ ಜೊತೆ ಮೊಣಕೈಯಿಂದ ಮಣಿಕಟ್ಟಿನ ತನಕ ಇಡೀ ಮುಂಗೈ ನೀರನ್ನು ಹಿಂದಕ್ಕೆ ತಳ್ಳುತ್ತದೆ. 2000ರ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾದ ಈಜುಗಾರ ಇಯಾನ್ ಥೋರ್ಪ್ 400 ಮೀಟರ್ ಫ್ರೀಸ್ಟೈಲನ್ನು 3 ನಿಮಿಷ 40.59 ಸೆಕೆಂಡಿಗೆ ಮುಗಿಸಿ ಚಿನ್ನ ಗೆದ್ದರು. ಅವರು ಈಜುವುದನ್ನು ನೀರಿನೊಳಗಿಂದ ತೆಗೆದ ವಿಡಿಯೊ ಸಿಕ್ಕರೆ ಮೊಣಕೈ ಒಂದನ್ನೇ ನೋಡಿ. ಕೈ ಇಳಿದರೂ ಮೊಣಕೈ ಇಳಿಯುವುದಿಲ್ಲ. ನನಗೆ ಬೇಕಿದ್ದದ್ದು ಅದು.

ಅದಕ್ಕೇ ಪ್ಯಾಡಲ್ ತರಿಸಿದೆ. ಅಂಗೈಗೆ ಕಟ್ಟಿಕೊಳ್ಳುವ ಪ್ಲಾಸ್ಟಿಕ್ ಹಲಗೆ. ನನ್ನ ಅಂಗೈಗಿಂತ ಎಲ್ಲ ಕಡೆಯೂ ಎರಡು ಬೆರಳು ಅಗಲ. ಮೊದಲ ದಿನವೇ 28 ಕೈ 23ಕ್ಕೆ ಇಳಿಯಿತು. ಖುಷಿಯಿಂದ ಮನೆಗೆ ಬಂದು ಹೇಳಿದ್ದೂ ಹೇಳಿದ್ದೇ. ಆದರೆ ಪ್ಯಾಡಲ್ ಬಿಚ್ಚಿ ಈಜಿದರೆ ಮತ್ತೆ 28.

ಇದಕ್ಕೆ ಕಾರಣ ಹುಡುಕಲು ಮೂರು ವಾರ ಹಿಡಿಯಿತು. ತೊಂದರೆ ಇದ್ದದ್ದು ಮಣಿಕಟ್ಟಿನ ಪಟ್ಟಿಯಲ್ಲಿ. ಪ್ಯಾಡಲಿಗೆ ಪಟ್ಟಿಯಾಗಿ ಎರಡು ರಬ್ಬರ್ ಕೊಳವೆ ಇರುತ್ತವೆ, ಒಂದು ನಡುಬೆರಳಿಗೆ, ಇನ್ನೊಂದು ಮಣಿಕಟ್ಟಿಗೆ. ಎರಡನ್ನೂ ಬಿಗಿದರೆ ಹಲಗೆ ಕೈಗೆ ಅಂಟಿಕೊಂಡೇ ಇರುತ್ತದೆ. ಕೈ ಅಡ್ಡ ಹೋದರೂ ಸರಿ, ಮೊಣಕೈ ಕುಸಿದರೂ ಸರಿ, ಅದು ಅಲುಗಾಡುವುದಿಲ್ಲ. ತಪ್ಪು ಹಾಗೇ ಇತ್ತು, ಅದಕ್ಕೆ ಬಲ ಮಾತ್ರ ಜಾಸ್ತಿಯಾಗಿತ್ತು. ಹಲಗೆ ಅಗಲವಾದಷ್ಟೂ ಹೆಗಲಿಗೆ ಭಾರ. ಅದರ ಮೇಲೆ ನಾನು ಹೆಬ್ಬೆರಳು ಮುಂದೆ ಮಾಡಿ ಕೈ ಇಳಿಸುತ್ತಿದ್ದೆ. ಹಾಗೆ ಇಳಿಸಿದಾಗ ತೋಳು ಹೆಗಲಿನಲ್ಲಿ ಒಳಕ್ಕೆ ತಿರುಚುತ್ತದೆ. ಮೂರನೇ ವಾರದ ಕೊನೆಗೆ ಬಲಗೈ ಎತ್ತಿ ತಲೆ ಬಾಚಲು ಆಗುತ್ತಿರಲಿಲ್ಲ. ಹತ್ತು ದಿನ ನೀರಿಗೆ ಇಳಿಯಲಿಲ್ಲ.

ಮಣಿಕಟ್ಟಿನ ಪಟ್ಟಿ ತೆಗೆದುಬಿಡಿ ಎಂದು ಕೊಳದ ಹಿರಿಯರೊಬ್ಬರು ಹೇಳಿದರು. ಬೆರಳಿನ ಪಟ್ಟಿ ಒಂದೇ ಇದ್ದರೆ, ಕೈ ತಪ್ಪು ಕೋನದಲ್ಲಿ ಹೋದಾಗ ಪ್ಯಾಡಲ್ ಕಳಚಿಕೊಳ್ಳುತ್ತದೆ. ತಪ್ಪು ಆಗಲೇ ಗೊತ್ತಾಗುತ್ತದೆ. ಒಳ್ಳೆಯ ಮಾತು. ಹಾಗೇ ಮಾಡಿದೆ. ನಾಲ್ಕನೇ ದಿನ ಬೆರಳಿನ ಕೊಳವೆ ತುಂಡಾಯಿತು. ಪ್ಯಾಡಲ್ ತಳಕ್ಕೆ ಹೋಯಿತು, ಮುಳುಗಿ ತಂದೆ. ಬೇರೆ ಕೊಳವೆ ಮಾರಿದವರ ಬಳಿ ಇರಲಿಲ್ಲ. ಊರಿನ ಎರಡು ಸ್ಪೋರ್ಟ್ಸ್ ಅಂಗಡಿಯಲ್ಲೂ ಸಿಗಲಿಲ್ಲ. ಕೊನೆಗೆ ದುರ್ಗಿಗುಡಿಯ ಮೆಡಿಕಲ್ ಶಾಪಿನಲ್ಲಿ ಡಾಕ್ಟರುಗಳು ಬಳಸುವ ರಬ್ಬರ್ ಕೊಳವೆ ಎರಡು ಮೀಟರ್ ತಂದೆ. ಅದು ಒಂದು ನೂಲಿನಷ್ಟು ಹೆಚ್ಚು ದಪ್ಪ, ಪ್ಯಾಡಲಿನ ತೂತಿನಲ್ಲಿ ಹೋಗಲೇ ಇಲ್ಲ. ತೂತು ದೊಡ್ಡದು ಮಾಡಲು ಹೋಗಿ ಹಲಗೆ ಸೀಳಿತು. ಅಲ್ಲಿಗೆ ಮುಗಿಯಿತು. ಇಷ್ಟರ ಮೇಲೆ ಬೆಳಗಿನ ಬ್ಯಾಚಿನಲ್ಲಿ ಒಂದು ಲೇನಿಗೆ ಆರು ಜನ ಇರುತ್ತಾರೆ. ಎದುರಿನಿಂದ ಬರುವವರಿಗೆ ಪ್ಯಾಡಲ್ ಅಂಚು ತಾಗಿದರೆ ಚರ್ಮ ಕಿತ್ತು ಬರುತ್ತದೆ.

ಬೆರಳ ಪ್ಯಾಡಲ್ ವಾಸಿ. ಅಣ್ಣನ ಮಗನದ್ದು ಎರಡು ವಾರ ಇಟ್ಟುಕೊಂಡಿದ್ದೆ. ಚಿಕ್ಕದು, ಬೆರಳುಗಳನ್ನಷ್ಟೇ ಮುಚ್ಚುತ್ತದೆ, ಮಣಿಕಟ್ಟಿನ ಪಟ್ಟಿಯೇ ಇಲ್ಲ. ಬೆರಳ ತುದಿ ಮೊದಲು ಇಳಿಯಬೇಕು ಎನ್ನುವುದನ್ನು ಚೆನ್ನಾಗಿ ಕಲಿಸುತ್ತದೆ. ಹೆಗಲಿಗೂ ಅಷ್ಟು ಭಾರ ಬೀಳುವುದಿಲ್ಲ. ಕೈಯಲ್ಲಿ ದುಡ್ಡಿದ್ದು, ಏನಾದರೂ ಕೊಳ್ಳಲೇಬೇಕು ಅನ್ನುವವರು ಇದನ್ನೇ ಕೊಳ್ಳಿ.

ಇನ್ನು ಮುಷ್ಟಿ. ಕೈ ಮುಚ್ಚಿ 25 ಮೀಟರ್ ಈಜುವುದು, ಬಿಚ್ಚಿ 25 ಮೀಟರ್ ಈಜುವುದು. ಇಷ್ಟೇ. ಮೊದಲ ದಿನ ನೀರು ಕೈಗೆ ಸಿಗುವುದೇ ಇಲ್ಲ, ನಿಂತಲ್ಲೇ ನಿಂತ ಹಾಗೆ ಅನಿಸುತ್ತದೆ. ಆ ಗಾಬರಿಯೇ ಪಾಠ. ಅಂಗೈ ಇಲ್ಲದಿರುವಾಗ ನೀರು ಹಿಡಿಯಲು ಉಳಿದದ್ದು ಮುಂಗೈ ಒಂದೇ, ಅದು ನೆಟ್ಟಗೆ ನಿಲ್ಲದಿದ್ದರೆ ಮುಂದೆ ಹೋಗಲು ಆಗುವುದಿಲ್ಲ. ಐದನೇ ದಿನ ನನ್ನ ಮೊಣಕೈ ತಾನಾಗಿ ಮೇಲೆ ಉಳಿಯಲು ಶುರುವಾಯಿತು. ಯಾರೂ ಹೇಳಲಿಲ್ಲ, ನೀರೇ ಹೇಳಿತು. ಆಮೇಲೆ ಮುಷ್ಟಿ ಬಿಚ್ಚಿದಾಗ ಅಂಗೈ ಮೊರದಷ್ಟು ಅಗಲ ಆದ ಹಾಗಿತ್ತು! ಬೆರಳುಗಳನ್ನು ಬಿಗಿಯಾಗಿ ಅಂಟಿಸಬೇಡಿ. ಸ್ವಲ್ಪ ಸಂದಿ ಇದ್ದರೆ ನಷ್ಟವಿಲ್ಲ.

ಮೊದಲ ವಾರ ತೊಡೆಗಳ ಮಧ್ಯೆ ಪುಲ್ ಬಾಯ್ ಅನ್ನುವ ತೇಲುವ ಫೋಮ್ ತುಂಡು ಇಟ್ಟುಕೊಂಡಿದ್ದೆ. ಅದು ಬಾಳೆದಿಂಡಿನ ಕೆಲಸವನ್ನೇ ಮಾಡುತ್ತದೆ, ಸೊಂಟ ಮುಳುಗಲು ಬಿಡುವುದಿಲ್ಲ. ಕೊಳದಲ್ಲೇ ಒಂದಿತ್ತು, ಕೊಳ್ಳಲಿಲ್ಲ. ಒಂದು ಕೈ ಮುಂದೆ ಬರುವ ತನಕ ಇನ್ನೊಂದು ಕಾಯುವ ಡ್ರಿಲ್ ನನಗೆ ಹಿಡಿಸಲಿಲ್ಲ, ಕಾಯುವ ಹೊತ್ತಿನಲ್ಲಿ ವೇಗ ಸತ್ತುಹೋಗುತ್ತದೆ.

ಆರು ವಾರಕ್ಕೆ 28 ಕೈ 22ಕ್ಕೆ ಬಂತು, ಬರಿಗೈಯಲ್ಲಿ. ಹೆಗಲು ನೋವಿಲ್ಲ. ನಾನು ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ ಮಾತ್ರ ಈಜುವುದು. ತೋಳಿಗೆ ಬಲ ಬರಿಸಬೇಕು, ದಿನಾ ಕೋಚ್ ಕಣ್ಣೆದುರು ಇರುತ್ತಾರೆ ಅನ್ನುವವರಿಗೆ ಪ್ಯಾಡಲ್ ಕೆಲಸಕ್ಕೆ ಬರಬಹುದು. ಒಬ್ಬರೇ ಕಲಿಯುವವರಿಗೆ ಬೇಡ.

ಮೆಡಿಕಲ್ ಶಾಪಿನ ಆ ಎರಡು ಮೀಟರ್ ಕೊಳವೆ ವ್ಯರ್ಥವಾಗಲಿಲ್ಲ. ಜೂನ್ ಬಂದರೆ ನಮ್ಮಲ್ಲಿ ಮಳೆ ಹಿಡಿಯುತ್ತದೆ, ಕೊಳದ ನೀರು ಕೊರೆಯುತ್ತದೆ. ಆಗ ಅದನ್ನು ಜಗಲಿಯ ಕಂಬಕ್ಕೆ ಕಟ್ಟಿ, ಸೊಂಟ ಬಗ್ಗಿಸಿ ನಿಂತು, ಮೊಣಕೈ ಮೇಲೇ ಇಟ್ಟು ನಿಧಾನ ಎಳೆಯುತ್ತೇನೆ. ಒಂದೊಂದು ಕೈಗೆ ಇಪ್ಪತ್ತು ಸಲ.